ಮಣ್ಣುಂಡೆ ಹೊತ್ತವನ ಹೆಸರು

ಪುಸ್ತಕದ ಮನೆಯ ಹಿತ್ತಲಲ್ಲಿ ಬೆಟ್ಟಮ್ಮ ಹುತ್ತ ಅಗೆಯುತ್ತಿದ್ದಳು. ಹಿಂದಿನ ಗೋಡೆಗೆ ಒರಗಿಕೊಂಡು ಆಳೆತ್ತರ ಬೆಳೆದ ಹುತ್ತ. ಅದರ ಗೆದ್ದಲು ಗೋಡೆ ಕೊರೆದು ಒಳಗೆ ನುಗ್ಗಿ ಬೀರುವಿನಲ್ಲಿದ್ದ ಪುಸ್ತಕಗಳನ್ನು ತಿನ್ನುತ್ತಿತ್ತು. ಹುತ್ತ ಒಡೆದರೆ ನಾಗದೋಷ. ಮಾಲಿ ಒಲ್ಲೆ ಅಂದಿದ್ದ. ಪೇಟೆಯ ಕೂಲಿಯವರೂ ಒಲ್ಲೆ ಅಂದಿದ್ದರು. ದೋಷ ತಟ್ಟಿದರೂ ಯಾರಿಗೂ ನಷ್ಟವಾಗದ ಒಂದು ಜೀವ ಬೇಕಾಗಿತ್ತು. ಬೆಟ್ಟಮ್ಮ ಸಿಕ್ಕಳು.

ಮಣ್ಣು ಕಲ್ಲಾಗಿತ್ತು. ಹಾರೆ ಹಾಕಿದರೆ ಠಣ್ ಅನ್ನುತ್ತಿತ್ತು. ಅವಳ ಅಂಗೈ ಬೊಬ್ಬೆ ಎದ್ದು ಒಡೆದು ಹಾರೆಯ ಹಿಡಿ ಅಂಟಂಟಾಗಿತ್ತು. ಅಗೆದ ಮಣ್ಣನ್ನು ಮಂಕರಿಗೆ ತುಂಬಿ ತಲೆಯ ಮೇಲೆ ಹೊತ್ತು ಬೇಲಿಯಾಚೆ ಸುರಿದು ಬರುತ್ತಿದ್ದಳು. ಗೆದ್ದಲು ಕೊರಳಿಗೆ ಇಳಿದು ಕಚ್ಚುತ್ತಿತ್ತು. ಕೆರೆದುಕೊಳ್ಳಲು ಕೈ ಬಿಡುವಿರಲಿಲ್ಲ.

ಕಿಟಕಿಯ ಸರಳಿನ ಹಿಂದೆ ಬಿಂದುಮಾಧವನ ಮುಖ ಕಾಣಿಸಿತು. ಅವನು ಪುಸ್ತಕದ ಮನೆಯ ಅಧಿಕಾರಿ. ರುಮಾಲು, ಕನ್ನಡಕ, ಬಾಯಲ್ಲಿ ಎಲೆಯಡಿಕೆ.

"ಬುಡ ಸಮೇತ ತೆಗೀಬೇಕು ಕಣೇ ಬೆಟ್ಟಿ. ರಾಣಿ ಹುಳ ಸಿಗೋ ತನಕ ಬಿಡಬೇಡ."

"ತಗೀತೀನಿ ಬುದ್ಧಿ. ಆಮ್ಯಾಕೆ ಆ ಪುಸ್ತಕ ನೋಡ್ತೀರಾ?"

"ನೋಡೋಣ."

ನಿನ್ನೆಯೂ ನೋಡೋಣ ಅಂದಿದ್ದ. ಅದಕ್ಕೆ ಮುಂಚೆ, ಅವಳ ಕೈಲಿ ಸೌದೆ ಸೀಳಿಸಿದ ದಿನವೂ ನೋಡೋಣ ಅಂದಿದ್ದ.

ಬೆಟ್ಟಮ್ಮ ಗೊಬ್ಬಳಿಹುಂಡಿಯವಳು. ದಟ್ಟಗಳ್ಳಿ ದಾಟಿ ಇನ್ನೂ ಆಚೆಗಿರುವ ಊರು. ಬೆಳಕು ಹರಿಯುವಾಗ ಹುಲ್ಲಿನ ಹೊರೆ ಹೊತ್ತು ಹೊರಟರೆ ಬಿಸಿಲೇರುವಾಗ ಮೈಸೂರಿಗೆ ಬಂದು ಜಟಕಾದವರಿಗೆ ಮಾರುತ್ತಿದ್ದಳು. ಹೊರೆ ಮಾರಿದ ಮೇಲೆ ಪುಸ್ತಕದ ಮನೆಯ ಮುಂದೆ ಬಂದು ನಿಲ್ಲುವುದನ್ನು ಶುರುಮಾಡಿದ್ದು ಮಗನ ಕಾಲು ಮುರಿದ ಮೇಲೆ.

ಊರ ಹೊಲಗೇರಿಯ ಹಿಂದೆ ಒಂದು ಕೆಬ್ಬೆ ಮಣ್ಣಿನ ಹೊಲವಿದೆ. ಅದು ಕುಳವಾಡಿ ಮಾನ್ಯ. ಊರ ಎಲ್ಲೆ ಕಾಯುವ, ಸಾವಿನ ಸುದ್ದಿ ಹೊರುವ, ಸರ್ಕಾರದ ಸವಾರಿ ಬಂದರೆ ಮುಂದೆ ಓಡುವ ಕುಳವಾಡಿಗೆ ಹಿಂದಿನವರು ಬಿಟ್ಟುಕೊಟ್ಟ ನೆಲ. ಬೆಟ್ಟಮ್ಮನ ಮಾವ ಮಂಟಯ್ಯ ಅದನ್ನು ಉತ್ತ. ಗಂಡ ಉತ್ತ. ಮಗ ಚೆಲುವ ಉಳುತ್ತಿದ್ದ. ಈ ಮುಂಗಾರಿನಲ್ಲಿ ಪಟೇಲ ವೃಷಭೇಂದ್ರಪ್ಪನ ನೇಗಿಲು ಅಲ್ಲಿಗೆ ಇಳಿಯಿತು. ಚೆಲುವ ಎತ್ತಿನ ಮುಂದೆ ಅಡ್ಡ ನಿಂತ. ಪಟೇಲನ ಆಳುಗಳು ಅವನನ್ನು ಬದುವಿನ ಮೇಲೆ ಮಲಗಿಸಿ ಮೊಣಕಾಲ ಮೇಲೆ ಕಲ್ಲು ಹಾಕಿದರು. ಆಮೇಲೆ ಉಳುಮೆ ಮುಂದುವರಿಯಿತು.

ಹೊಲ ತನ್ನದೆಂದು ಪಟೇಲ ದಾವಾ ಹಾಕಿದ. ಅಮಲ್ದಾರರ ಕಚೇರಿಯಲ್ಲಿ ವಿಚಾರಣೆ ನಡೆಯಿತು. ಪಟೇಲ ತನ್ನ ಮನೆತನದ ಹೆಳವನನ್ನು ಕರೆತಂದಿದ್ದ. ಒಕ್ಕಲಿಗರಿಗೆ, ಲಿಂಗಾಯಿತರಿಗೆ ಹೆಳವ ಇರುತ್ತಾನೆ. ಎತ್ತಿನ ಮೇಲೆ ಕೂತು ಬಂದು, ತಲೆತಲಾಂತರದ ಹೆಸರು ಹೇಳಿ, ರಾಗಿ ಅಳೆಸಿಕೊಂಡು ಹೋಗುತ್ತಾನೆ. ಹೊಲಗೇರಿಗೆ ಅವನ ಎತ್ತು ತಿರುಗುವುದಿಲ್ಲ. ಹೆಳವ ಜಗುಲಿಯ ಮೇಲೆ ಕೂತು ರಾಗವಾಗಿ ಹೇಳಿದ: ಧಾತು ಸಂವತ್ಸರದ ದೊಡ್ಡ ಬರದಲ್ಲಿ ಗೊಬ್ಬಳಿಹುಂಡಿಯ ಕುಳವಾಡಿ ವಂಶ ನಂದಿ ಹೋಯಿತು, ಪಟೇಲರ ಅಜ್ಜ ಕರುಣೆಯಿಂದ ಎಲ್ಲಿಂದಲೋ ಕೂಲಿಯವರನ್ನು ತಂದು ಕೇರಿಯಲ್ಲಿ ಇಟ್ಟರು, ಈಗಿರುವವರು ಆ ಕೂಲಿಯವರ ಮಕ್ಕಳು.

ಬೆಟ್ಟಮ್ಮ ಅಂಗಳದಿಂದ ಕೂಗಿದಳು. "ಸುಳ್ಳು ಬುದ್ಧಿ! ಬರ ಕಳದ ಮ್ಯಾಲೂ ನಮ್ಮಾವ ಎಲ್ಲೆ ನಡದವ್ನೆ. ಮಣ್ಣುಂಡೆ ಹೊತ್ತು ನಡದವ್ನೆ. ನೆಲ ಅಳೆಯಾಕೆ ಬಂದಿದ್ದ ಮೊಜಣಿ ದೊರೆ ಕಣ್ಣಾರೆ ಕಂಡವ್ರೆ."

"ಬಾಯಿಮಾತು ಬೇಡ," ಅಂದರು ಅಮಲ್ದಾರರು. "ಬರಹದಲ್ಲಿದ್ದರೆ ತೋರಿಸು."

"ಅವ್ನು ಹೇಳಿದ್ದೂ ಬಾಯಿಮಾತೇ ಅಲ್ವಾ ಬುದ್ಧಿ?"

ಜಗುಲಿಯ ಮೇಲಿದ್ದವರು ನಕ್ಕರು. ಅಮಲ್ದಾರರು ನಗಲಿಲ್ಲ. ದಸರೆಗೆ ಮುಂಚಿನ ಕೊನೆಯ ಕಚೇರಿಗೆ ಬರಹ ತರದಿದ್ದರೆ ಹೊಲ ಪಟೇಲರದ್ದು ಅಂದರು.

ಆ ದಿನ ಕಚೇರಿಯ ಬೇಲಿಯ ಹತ್ತಿರ ಒಬ್ಬ ಮುದಿ ಮೊಜಣಿದಾರ ಅವಳಿಗೆ ಹೇಳಿದ. ಆ ದೊರೆ ಒಂದು ಪುಸ್ತಕ ಬರೆದಿದ್ದಾನೆ, ಎಲ್ಲೆ ಜಗಳದ ಕತೆ ಅದರಲ್ಲಿದೆ, ಅಚ್ಚಾಗಿದೆ. ಪೇಟೆಯ ಪುಸ್ತಕದ ಮನೆಯಲ್ಲಿ ನೋಡಿದ್ದೇನೆ ಅಂದ.

ಪುಸ್ತಕದ ಮನೆಯ ಬಾಗಿಲ ಮೇಲೆ ಹಲಗೆ ಇತ್ತು. ಏನು ಬರೆದಿದೆ ಎಂದು ಬೆಟ್ಟಮ್ಮ ಇರುದಯರಾಜನನ್ನು ಕೇಳಿದ್ದಳು. ಇರುದಯರಾಜ ಅಲ್ಲಿಯ ಜವಾನ. ಪುಸ್ತಕದ ಧೂಳು ಹೊಡೆಯುವುದು, ಹರಿದದ್ದನ್ನು ಹೊಲಿಯುವುದು, ಬೀರುವಿನ ಬೀಗ ತೆಗೆಯುವುದು ಅವನ ಕೆಲಸ. ಕಿರಸ್ತಾನದವನು. ತಲೆ ನರೆತಿತ್ತು.

"ಸರ್ವರಿಗೂ ಪ್ರವೇಶ ಉಂಟು ಅಂತ ಬರ್ದದೆ ಕಣವ್ವ."

"ಸರ್ವರು ಅಂದ್ರೆ ಯಾರ್‍ಯಾರು?"

"ಹಲಗೇನ ಕೇಳು. ನನ್ನ ಕೇಳಿದ್ರೆ ಕೆಲಸ ಹೋಯ್ತದೆ."

ಅವನೇ ಮಧ್ಯಾಹ್ನಕ್ಕೆ ಅವಳಿಗೆ ನೀರು ಹಾಕುತ್ತಿದ್ದ. ಎತ್ತರದಿಂದ ಸುರಿಯುತ್ತಿರಲಿಲ್ಲ. ಚೊಂಬನ್ನೇ ಕೈಗೆ ಕೊಡುತ್ತಿದ್ದ.

"ನಿಮ್ಮೋರು ಯಾವೂರು?" ಅಂತ ಅವಳು ಕೇಳಿದಳು.

"ಗೊತ್ತಿಲ್ಲ. ಧಾತು ಬರದಾಗೆ ನಮ್ಮಪ್ಪ ರಸ್ತೆ ಬದೀಲಿ ಸಿಕ್ಕ ಕೂಸು. ಪಾದ್ರಿಗಳು ಎತ್ತಿ ಸಾಕಿದ್ರು. ಆರೋಗ್ಯಪ್ಪ ಅಂತ ಹೆಸರಿಟ್ರು. ನಮ್ಮ ವಂಶ ಅಲ್ಲಿಂದ ಶುರು. ಅದಕ್ಕೆ ಹಿಂದೆ ಬರೀ ರಸ್ತೆ."

"ಅಯ್ಯೋ ನನ್ನಪ್ಪ."

"ಅಯ್ಯೋ ಯಾಕೆ? ಹಿಂದಿಲ್ಲದೋನಿಗೆ ಯಾವ ಪಟೇಲನೂ ದಾವಾ ಹಾಕಲ್ಲ. ನೀನು ಅಗಿ."

ಅವಳು ಅಗೆದಳು. ಅಗೆಯುತ್ತ ಮಾವ ಮಂಟಯ್ಯ ಹೇಳಿದ್ದನ್ನು ನೆನೆದಳು. ಎರಡು ಊರಿನ ನಡುವೆ ಎಲ್ಲೆ ಜಗಳ ಬಿದ್ದರೆ ಕುಳವಾಡಿಯನ್ನು ಕರೆಯುತ್ತಿದ್ದರು. ಕೆರೆಯ ಹಸಿಮಣ್ಣು ಕಲಸಿ ದೊಡ್ಡ ಉಂಡೆ ಕಟ್ಟಿ ಅವನ ನೆತ್ತಿಯ ಮೇಲೆ ಇಡುತ್ತಿದ್ದರು. ಅವನು ನಡೆದದ್ದೇ ಎಲ್ಲೆ. ದಾರಿ ತಪ್ಪಿದರೆ ಉಂಡೆ ಬಿರಿಯುತ್ತದೆ, ಹೊತ್ತವನು ಸಾಯುತ್ತಾನೆ ಎಂದು ನಂಬಿಕೆ. ತನ್ನ ಊರಿನ ಎಲ್ಲೆ ನಡೆದ ದಿನ ಮಂಟಯ್ಯ ಹಿಂದಿನ ದಿನದಿಂದ ಉಂಡಿರಲಿಲ್ಲ. ಎರಡೂ ಊರಿನವರು ದೊಣ್ಣೆ ಹಿಡಿದು ಹಿಂದೆ ಬರುತ್ತಿದ್ದರು. ಎಡಕ್ಕೆ ವಾಲಿದರೆ ಇವರು ಹೊಡೆಯುತ್ತಾರೆ, ಬಲಕ್ಕೆ ವಾಲಿದರೆ ಅವರು. ಮಣ್ಣಿನ ನೀರು ಕಣ್ಣಿಗಿಳಿದರೂ ಒರೆಸಿಕೊಳ್ಳುವಂತಿರಲಿಲ್ಲ. ಕತ್ತಾಳೆ ಬೇಲಿಯ ನಡುವೆ, ಹಳ್ಳದ ನೀರಿನೊಳಗೆ ನಡೆದ. ಉಂಡೆ ಬಿರಿಯಲಿಲ್ಲ. ಎಲ್ಲೆ ನಿಂತಿತು. ಅವನ ಕುತ್ತಿಗೆ ಮಾತ್ರ ಆಮೇಲೆ ನೆಟ್ಟಗಾಗಲಿಲ್ಲ. ಬೆಟ್ಟಮ್ಮ ಸೊಸೆಯಾಗಿ ಬಂದಾಗ ಅವನು ನೆಲ ನೋಡಿಕೊಂಡೇ ಮಾತಾಡುತ್ತಿದ್ದ.

ಇವತ್ತು ದಸರೆಗೆ ಮುಂಚಿನ ಕೊನೆಯ ಕಚೇರಿ. ಹೊತ್ತು ನೆತ್ತಿ ದಾಟಿತ್ತು.

ಹುತ್ತದ ತಳದಲ್ಲಿ ಹಾರೆ ಮೆತ್ತಗೆ ಹೋಯಿತು. ಬೆಟ್ಟಮ್ಮ ಕೈ ಹಾಕಿ ತೆಗೆದಳು. ಹೆಬ್ಬೆರಳು ಗಾತ್ರದ ಬಿಳಿ ಹುಳ, ಮಿಸುಕುತ್ತಿತ್ತು. ಅಂಗೈಯಲ್ಲಿಟ್ಟುಕೊಂಡು ಕಿಟಕಿಯ ಕೆಳಗೆ ಬಂದಳು.

"ಸಿಕ್ತು ಬುದ್ಧಿ. ಇನ್ನು ಓದಿ."

ಬಿಂದುಮಾಧವ ಹುಳವನ್ನು ನೋಡಿ ಮೂಗು ಮುರಿದ. ಇನ್ನು ನೆಪ ಉಳಿದಿರಲಿಲ್ಲ. ಇರುದಯರಾಜನಿಗೆ ಕೂಗಿ ಬೀರು ತೆಗೆಸಿದ. ದಪ್ಪ ರಟ್ಟಿನ ಪುಸ್ತಕ ಬಂತು. ಕಿಟಕಿಯ ಪಕ್ಕ ಕುರ್ಚಿ ಎಳೆದುಕೊಂಡು, ಹಾಳೆ ತಿರುವಿ, ಇಂಗ್ಲಿಷನ್ನು ಕನ್ನಡ ಮಾಡುತ್ತ ಓದಿದ. ಬೆಟ್ಟಮ್ಮ ಸರಳಿನ ಕೆಳಗೆ ಮೋರೆ ಎತ್ತಿ ನಿಂತಳು.

ಇತ್ತು. ಎಲ್ಲ ಇತ್ತು. ಗೊಬ್ಬಳಿಹುಂಡಿ ಇತ್ತು. ಬರ ಕಳೆದು ಏಳು ವರ್ಷಕ್ಕೆ ಎಂದಿತ್ತು. ಜಗಳ, ಕೆರೆಮಣ್ಣು, ದೊಣ್ಣೆ ಹಿಡಿದ ಜನ, ಹಳ್ಳದ ನೀರು. ಅಂದಿನ ಅಮಲ್ದಾರರ ಹೆಸರು, ಅವರ ತಂದೆಯ ಹೆಸರು. ಎರಡೂ ಊರಿನ ಪಟೇಲರ ಹೆಸರು. ಶಾನುಭೋಗರ ಹೆಸರು. ದೊರೆ ಹತ್ತಿದ್ದ ಕುದುರೆ ಹಳ್ಳದಲ್ಲಿ ಬೆದರಿದ್ದು, ಆ ಕುದುರೆಯ ಹೆಸರು.

"ಕುದುರೆಗೆ ಏನು ಹೆಸರು?"

"ಜೆನ್ನಿ ಅಂತ."

"ಹೊತ್ತೋನ ಹೆಸರು ಓದಿ ಬುದ್ಧಿ."

ಬಿಂದುಮಾಧವ ಬೆರಳು ಆಡಿಸಿದ. "'ಆ ಊರಿನ ಕುಳವಾಡಿ, ಒಬ್ಬ ಹೊಲೆಯ.' ಅಷ್ಟೇ."

"ಮುಂದಕ್ಕೆ ಇರ್‍ಬೋದು. ಒಸಿ ನೋಡಿ."

"ಮುಂದಕ್ಕೆ ಬೆಳೆ ವಿಚಾರ ಕಣೇ. ಹುರುಳಿ."

ಬೆಟ್ಟಮ್ಮ ಸರಳು ಹಿಡಿದುಕೊಂಡಳು. ಬಿಂದುಮಾಧವ ಕುರ್ಚಿಯನ್ನು ಹಿಂದಕ್ಕೆ ಸರಿಸಿದ. ಕುದುರೆಗೆ ಹೆಸರಿತ್ತು. ಆಮೇಲೆ ಅವಳು ಯೋಚಿಸಿದಳು. ಊರ ಹೆಸರಿದೆ. ಕುಳವಾಡಿ ಅಂತಿದೆ. ಬರ ಕಳೆದ ಮೇಲೆ ಅಂತಿದೆ. ವಂಶ ನಂದಿಲ್ಲ ಅನ್ನುವುದಕ್ಕೆ ಅಷ್ಟು ಸಾಕು.

"ಅಷ್ಟನ್ನೇ ಬರ್ದು ಕೊಡಿ ಬುದ್ಧಿ. ಕಚೇರಿ ಮುಗಿಯೋ ಹೊತ್ತಾಯ್ತು."

"ನಕಲಾ? ಅದಕ್ಕೆಲ್ಲ ಕಮಿಟಿ ಇದೆ."

"ಓದಿದ್ದನ್ನ ಬರೆಯೋಕೆ ಏನು ಬುದ್ಧಿ ಕಮಿಟಿ?"

"ನೋಡು ಬೆಟ್ಟಿ." ಅವನು ಪುಸ್ತಕ ಮುಚ್ಚಿದ. ದನಿ ತಗ್ಗಿಸಿದ. "ಇಲ್ಲಿರೋ ಹೊಸ ಬೀರುಗಳೆಲ್ಲ ವೃಷಭೇಂದ್ರಪ್ಪನವರು ಮಾಡಿಸಿಕೊಟ್ಟಿದ್ದು. ಅವರ ವಿರುದ್ಧ ನಾನು ಕೈಯಾರೆ ಬರೆದು ಕೊಡಲಾ? ಓದು ಅಂದೆ, ಓದಿದೆ. ಹೋಗಿನ್ನು. ಹೋಗೋಕೆ ಮುಂಚೆ ಆ ಗುಂಡಿ ಮುಚ್ಚು. ಯಾರಾದ್ರೂ ಬಿದ್ದಾರು."

"ಇದು ಮೊದಲೇ ಗೊತ್ತಿತ್ತಾ ನಿಮಗೆ?"

ಅವನು ಪುಸ್ತಕವನ್ನು ಮೇಜಿನ ಮೇಲಿಟ್ಟ.

"ಸೌದೆ ಸೀಳಿಸೋವಾಗ್ಲೇ ಗೊತ್ತಿತ್ತಾ?"

"ಗುಂಡಿ ಮುಚ್ಚೇ."

ಬೆಟ್ಟಮ್ಮ ಹಾರೆ ಕೆಳಗೆ ಹಾಕಿದಳು. ಹಿತ್ತಲಿಂದ ಸುತ್ತಿ ಮುಂದಕ್ಕೆ ಬಂದಳು. ಹಲಗೆಯ ಕೆಳಗೆ ನಿಲ್ಲಲಿಲ್ಲ. ಹೊಸ್ತಿಲು ದಾಟಿ ಒಳಗೆ ಹೋದಳು.

ಓದುತ್ತ ಕೂತಿದ್ದವರು ಎದ್ದರು. ಒಬ್ಬನ ಕುರ್ಚಿ ಹಿಂದಕ್ಕೆ ಬಿತ್ತು. ಅವಳ ಪಾದದ ಹುತ್ತದ ಮಣ್ಣು ನೆಲದ ಮೇಲೆ ಉದ್ದಕ್ಕೂ ಬಿತ್ತು. "ಏಯ್! ಏಯ್!" ಎಂದರು. ಯಾರೂ ಅಡ್ಡ ಬರಲಿಲ್ಲ. ಅಡ್ಡ ಬಂದರೆ ಮೈ ತಗುಲುತ್ತದೆ. ಎಲ್ಲರೂ ಗೋಡೆಗೆ ಸರಿದರು. ಅವಳು ಕಿಟಕಿಯ ಪಕ್ಕದ ಮೇಜಿನ ತನಕ ಹೋಗಿ ಎರಡೂ ಕೈಯಲ್ಲಿ ಪುಸ್ತಕ ಎತ್ತಿಕೊಂಡಳು.

ಬಿಂದುಮಾಧವನ ಕೈ ಮುಂದಕ್ಕೆ ಬಂತು. ಗಾಳಿಯಲ್ಲಿ ನಿಂತಿತು. ಹಿಂದಕ್ಕೆ ಹೋಯಿತು.

"ಇಡೇ! ಇಡು ಅಲ್ಲಿ!"

"ಇಡಾಕಿಲ್ಲ."

"ಇರುದಯರಾಜ್! ಕಿತ್ತುಕೊಳ್ಳೋ!"

"ನಾನಾ ಸ್ವಾಮಿ?"

"ಮತ್ಯಾರು? ನಾವು ಮುಟ್ಟೋಕಾಗುತ್ತೇನೋ? ನಿನ್ನ ಇಟ್ಟುಕೊಂಡಿರೋದು ಯಾಕೆ?"

ಇರುದಯರಾಜ ಹೆಗಲ ಬಟ್ಟೆಯಿಂದ ಕೈ ಒರೆಸಿಕೊಂಡ. ಅವಳ ಹತ್ತಿರ ಬಂದ. "ಕೊಟ್ಬುಡವ್ವ," ಅಂದ, ಅವಳಿಗೆ ಮಾತ್ರ ಕೇಳುವ ಹಾಗೆ. "ಮನೇಲಿ ಹೆಣ್ಣುಮಗು ಅದೆ ನಂಗೆ. ಈ ಕೆಲಸ ಬುಟ್ರೆ ಬೇರೆ ಇಲ್ಲ."

"ಬೇಕಾದ್ರೆ ನನ್ನ ಕೈ ಮುರಿದು ತಕ್ಕೊ. ಚೆಲುವನ ಕಾಲು ಮುರಿದೋರು ದೊಡ್ಡ ಜಾತಿಯೋರು. ನೀನೂ ಮುರಿದು ಅವರ ಸಾಲಿಗೆ ಸೇರ್‍ಕೊ."

ಅವನು ಪುಸ್ತಕದ ಒಂದು ತುದಿ ಹಿಡಿದಿದ್ದ. ಅವಳ ಒಡೆದ ಅಂಗೈಯ ರಕ್ತ ರಟ್ಟಿಗೆ ಹತ್ತಿತ್ತು. ಅವನು ಅದನ್ನು ನೋಡಿದ. ಎಳೆಯಲಿಲ್ಲ. ಆಮೇಲೆ ಬಿಟ್ಟ.

"ಆಗಕಿಲ್ಲ ಸ್ವಾಮಿ."

"ನಾಳೆಯಿಂದ ಬರಬೇಡ ನೀನು!"

"ನಾಳೆ ಯಾಕೆ," ಎಂದ ಇರುದಯರಾಜ. ಬೀರುಗಳ ಬೀಗದ ಕೈ ಗೊಂಚಲನ್ನು ಸೊಂಟದಿಂದ ಬಿಚ್ಚಿ ಮೇಜಿನ ಮೇಲೆ ಹಾಕಿದ. ಅವನ ಮುಖ ಬಿಳಚಿಕೊಂಡಿತ್ತು.

ಬೆಟ್ಟಮ್ಮ ಬೀದಿಗೆ ಇಳಿದಳು. ಪುಸ್ತಕವನ್ನು ಎದೆಗೆ ಒತ್ತಿಕೊಂಡಿದ್ದಳು. ಹಿಂದೆ ಬಿಂದುಮಾಧವ, ಓದುಗರು ಬರುತ್ತಿದ್ದರು. "ಹಿಡೀರಿ! ಕಳ್ಳಿ! ಹಿಡೀರಿ!" ದಸರೆಗೆಂದು ಗೋಡೆಗಳಿಗೆ ಸುಣ್ಣ ಬಳಿಯುತ್ತಿದ್ದವರು ತಿರುಗಿ ನೋಡಿದರು. ಅಂಗಡಿಯವರು ಕೆಳಗಿಳಿದರು. ಅವಳ ಸೀರೆ, ಅವಳ ಮೈ, ಅವಳ ಕೇರಿ ಅವರಿಗೆ ನೋಡಿದೊಡನೆ ಗೊತ್ತಾಯಿತು. ಹಿಡಿಯಲು ಬಂದವರು ದಾರಿ ಬಿಟ್ಟರು. ಹುಟ್ಟಿದಾರಭ್ಯ ಅವಳನ್ನು ಹೊರಗಿಟ್ಟಿದ್ದ ಆ ಅಸಹ್ಯವೇ ಅವಳ ಸುತ್ತ ಬೇಲಿಯಾಗಿ ನಡೆಯಿತು. ಅವಳಿಗೆ ಇದು ಸಂತೋಷ ಕೊಡಲಿಲ್ಲ.

ಅರ್ಧ ದಾರಿಯಲ್ಲಿ ಅವಳಿಗೆ ಹೊಳೆಯಿತು. ಪುಸ್ತಕ ಮುಚ್ಚಿದೆ. ಆ ಹಾಳೆ ಯಾವುದು? ಅವಳು ನಿಂತಳು. ತೆರೆದಳು. ಎಲ್ಲ ಹಾಳೆಯೂ ಒಂದೇ ಥರ. ಗೆದ್ದಲು ಹರಿದ ಹಾಗೆ ಕರೀ ಸಾಲುಗಳು. ಬೆವರು ಕಣ್ಣಿಗೆ ಇಳಿಯಿತು. ಅವಳಿಗೆ ಮೊದಲ ಸಲ ಅಳು ಬಂತು.

"ಇರು." ಇರುದಯರಾಜ ಪಕ್ಕಕ್ಕೆ ಬಂದಿದ್ದ. "ಪಾದ್ರಿ ಶಾಲೇಲಿ ನಾಲ್ಕಕ್ಷರ ಇಂಗ್ಲಿಷ್ ಕಲ್ತಿದ್ದೀನಿ. ನೀನು ಹಿಡ್ಕೊ, ನಾನು ತಿರುವ್ತೀನಿ." ನಡುಬೀದಿಯಲ್ಲಿ ಅವನು ಬೆರಳಿಗೆ ಉಗುಳು ಹಚ್ಚಿ ಹಾಳೆ ತಿರುವಿದ. ತುಟಿ ಅಲುಗಿಸುತ್ತ ಹುಡುಕಿದ. ಸುತ್ತ ಜನ ಬೈಯುತ್ತಿದ್ದರು. "ಕುದುರೆ. ಜೆನ್ನಿ. ಇಲ್ಲೇ ಅದೆ." ಅವಳ ಹೆಬ್ಬೆರಳನ್ನು ಎಳೆದು ಆ ಹಾಳೆಯ ನಡುವೆ ಇಟ್ಟ. "ಬೆರಳು ತಗೀಬೇಡ."

ಕಚೇರಿಯ ಜಗುಲಿಯ ಮೇಲೆ ಅಮಲ್ದಾರರು ಇನ್ನೂ ಕೂತಿದ್ದರು. ಪಕ್ಕದ ಬೆಂಚಿನ ಮೇಲೆ ವೃಷಭೇಂದ್ರಪ್ಪ. ಕೆಳಗೆ ಚಾಪೆಯ ಮೇಲೆ ಗುಮಾಸ್ತ. ಬೆಟ್ಟಮ್ಮ ಅಂಗಳದಲ್ಲಿ, ತನ್ನವರು ನಿಲ್ಲುವ ಜಾಗದಲ್ಲಿ ನಿಂತು ಪುಸ್ತಕ ತೆರೆದು ಮುಂದಕ್ಕೆ ಹಿಡಿದಳು.

"ತಂದಿವ್ನಿ ಬುದ್ಧಿ. ಅಚ್ಚಿನ ಬರಹ."

"ಕದ್ದು ತಂದಿದ್ದಾಳೆ!" ಬಿಂದುಮಾಧವ ಏದುತ್ತಿದ್ದ. "ವಾಚನಾಲಯದ ಸ್ವತ್ತು."

ಅಮಲ್ದಾರರು ಕೈ ಎತ್ತಿ ಗಲಾಟೆ ನಿಲ್ಲಿಸಿದರು. ಅವರಿಗೆ ಕುತೂಹಲವಾಗಿತ್ತು. "ಸರಿ, ನೋಡೋಣ. ಕೆಳಗಿಟ್ಟು ಹಿಂದಕ್ಕೆ ಹೋಗು."

ಅದು ಪದ್ಧತಿ. ಹೊಲಗೇರಿಯವರು ಅರ್ಜಿ ಕೊಟ್ಟರೂ, ಕಾಣಿಕೆ ಕೊಟ್ಟರೂ ನೆಲದ ಮೇಲಿಟ್ಟು ದೂರ ಸರಿಯಬೇಕು. ನೀರು ಚಿಮುಕಿಸಿ ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ. ಬೆಟ್ಟಮ್ಮನ ಮೊಣಕಾಲು ತಾನಾಗಿ ಬಾಗಿತು. ಹುಟ್ಟಿದಂದಿನಿಂದ ಹಾಗೆ ಬಾಗಿದ ಮೊಣಕಾಲು. ಅಷ್ಟರಲ್ಲಿ ಅವಳು ಬಿಂದುಮಾಧವನನ್ನು ಕಂಡಳು. ಅವನು ಎರಡು ಹೆಜ್ಜೆ ಮುಂದೆ ಬಂದು ಕಾಯುತ್ತಿದ್ದ. ನೆಲಕ್ಕೆ ಬಿದ್ದ ಕೂಡಲೇ ಎತ್ತಿಕೊಂಡು ಹೋಗುತ್ತಾನೆ. ಬೀರುವಿಗೆ ಬೀಗ ಬೀಳುತ್ತದೆ.

ಅವಳು ಎದ್ದು ನಿಂತಳು.

"ಕೆಳಗಿಡಾಕಿಲ್ಲ."

"ಏನಂದೆ?"

"ನನ್ನ ಕೈಲೇ ಇರ್ತದೆ. ಇಳಿದು ಬಂದು ಓದಿ."

ವೃಷಭೇಂದ್ರಪ್ಪ ನಕ್ಕ. "ಕಂಡ್ರಾ ಸ್ವಾಮಿ ಕಾಲ? ಅಮಲ್ದಾರರು ಹೊಲತಿ ಹತ್ರ ಹೋಗಿ ಬಗ್ಗಿ ಓದ್ಬೇಕಂತೆ."

"ನಾನು ಓದ್ತೀನಿ ಸ್ವಾಮಿ," ಎಂದ ಇರುದಯರಾಜ. "ಗಟ್ಟಿಯಾಗಿ ಓದ್ತೀನಿ, ಕೇಳಿ."

"ನೀನು ಯಾರೋ?"

"ಪುಸ್ತಕದ ಮನೆ ಜವಾನ." ಅವನು ತಡವರಿಸಿದ. "ಆಗಿದ್ದೆ."

"ಜವಾನ ಓದಿದ್ದು ಬಾಯಿಮಾತು," ಅಂದರು ಅಮಲ್ದಾರರು. ಗಡಿಯಾರ ತೆಗೆದು ನೋಡಿದರು. "ಬೆಟ್ಟೀ. ಕೊನೇ ಸಲ ಹೇಳ್ತೀನಿ. ಇಡು."

ಹೊರೆ ಹೊತ್ತ ತೋಳು, ಹಾರೆ ಹಿಡಿದ ತೋಳು. ಪುಸ್ತಕದ ಭಾರಕ್ಕೆ ಅವು ನಡುಗಲು ಶುರುವಾದವು. ಅವಳು ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದಳು. ಹೆಬ್ಬೆರಳು ಆ ಸಾಲಿನ ಕೆಳಗೇ ಇತ್ತು.

"ನೀವು ನಮ್ಮ ರಾಗಿ ತಿಂತೀರಿ. ನಾವು ಕೊಯ್ದಿದ್ದು. ನಮ್ಮ ಕೈ ತಗುಲಿದ್ದು. ಇಲ್ಲಿಂದ ಅಲ್ಲಿಗೆ ನಾಲ್ಕು ಮೆಟ್ಲು ಬುದ್ಧಿ. ನಮ್ಮಾವ ನಿಮಗೋಸ್ಕರ ಊರ ಸುತ್ತ ನಡದ. ನೀವು ನಾಲ್ಕು ಮೆಟ್ಲು ಇಳೀರಿ."

ಅಮಲ್ದಾರರು ಎದ್ದರು. ಒಂದು ಕ್ಷಣ ಅವರು ಇಳಿಯುತ್ತಾರೆ ಅನ್ನಿಸಿತು. ಅವರು ಜಗುಲಿಯ ಅಂಚಿನ ತನಕ ಬಂದು ವೃಷಭೇಂದ್ರಪ್ಪನ ಕಡೆ ನೋಡಿದರು, ಅಂಗಳದ ಜನರ ಕಡೆ ನೋಡಿದರು. ಹಿಂದಿರುಗಿ ಕೂತರು.

"ಬರಕೊಳ್ಳಪ್ಪ," ಅಂದರು ಗುಮಾಸ್ತನಿಗೆ. "ಪ್ರತಿವಾದಿ ಒಬ್ಬಳು ಹೊಲೆಯರ ಹೆಂಗಸು. ದಾಖಲೆ ಹಾಜರು ಮಾಡಲಿಲ್ಲ. ಜಮೀನು ಪಟೇಲರಿಗೆ."

ಗುಮಾಸ್ತ ಲೇಖನಿ ಅದ್ದಿದ.

"ತಡಿ!" ಬೆಟ್ಟಮ್ಮ ಕೂಗಿದಳು. ಆ ಕೂಗಿಗೆ ಜಗುಲಿಯ ತೊಲೆಯಲ್ಲಿದ್ದ ಪಾರಿವಾಳಗಳು ಎದ್ದವು. "ಹೊಲ ತಕ್ಕೊಂಬುಟ್ರಿ, ತಕ್ಕೊಳ್ಳಿ. ಒಬ್ಬಳು ಅಂತ ಬರೀಬೇಡ ಕಣಪ್ಪ. ಬೆಟ್ಟಮ್ಮ ಅಂತ ಬರಿ. ಬೆಟ್ಟಿ ಅಲ್ಲ, ಬೆಟ್ಟಮ್ಮ. ಕುಳವಾಡಿ ಮಂಟಯ್ಯನ ಸೊಸೆ. ಚೆಲುವನ ತಾಯಿ. ದಾಖಲೆ ತಂದಿದ್ಲು ಅಂತ ಬರಿ. ತೆರೆದು ಹಿಡಿದಿದ್ಲು, ಯಾರೂ ಇಳಿದು ಬರಲಿಲ್ಲ ಅಂತ ಬರಿ. ಬರಿಯೋಗಂಟ ನಾನು ಇಲ್ಲಿಂದ ಕದಲಾಕಿಲ್ಲ."

"ಪೊಲೀಸಿಗೆ ಹೇಳಿ ಕಳಿಸಿ," ಅಂದರು ಅಮಲ್ದಾರರು.

ಯಾರೋ ಓಡಿದರು. ಗುಮಾಸ್ತನ ಲೇಖನಿಯ ತುದಿಯಲ್ಲಿ ಮಸಿ ದಪ್ಪವಾಗಿ ನಿಂತಿತ್ತು. ಅವನು ಅಮಲ್ದಾರರ ಮುಖ ನೋಡಿದ. ಅಂಗಳ ನೋಡಿದ. ಬರೆಯಲು ಬಗ್ಗಲಿಲ್ಲ. ಬೆಟ್ಟಮ್ಮನ ತೋಳು ಈಗ ಎಲ್ಲರಿಗೂ ಕಾಣುವಂತೆ ನಡುಗುತ್ತಿತ್ತು. ಇರುದಯರಾಜ ಅವಳ ಪಕ್ಕಕ್ಕೆ ಬಂದು, ಅವಳ ಕೈಗಳ ಕೆಳಗೆ ತನ್ನ ಕೈ ಕೊಟ್ಟ.